ವಡೆಯ ಮೇಲೆ ಎಳೆದ ಬಿಳಿ ಪಟ್ಟಿ

"ನಾನೇನೂ ಮಾಡಿಲ್ಲ, ಅದೇ ಹೀಗಾಯಿತು." ಕೆಲಸದಲ್ಲಿದ್ದಷ್ಟು ಕಾಲ ಈ ಮಾತನ್ನು ಹಿಂದಿ, ಮರಾಠಿ, ಗುಜರಾತಿ, ಇಂಗ್ಲಿಷ್, ಕನ್ನಡ ಎಲ್ಲದರಲ್ಲೂ ಕೇಳಿದ್ದೇನೆ. ಹೇಳಿದವರಲ್ಲಿ ಸುಳ್ಳುಗಾರರು ತೀರ ಕಡಿಮೆ. ಜನ ತಾವು ಮಾಡಿದ್ದನ್ನು ಪ್ರಾಮಾಣಿಕವಾಗಿಯೇ ಮರೆಯುತ್ತಾರೆ ಎಂಬುದು ನಾನು ಕಲಿತ ಮೊದಲ ಸಂಗತಿ. ಆ ಜನರಲ್ಲಿ ನಾನೂ ಒಬ್ಬ ಎಂದು ತಿಳಿಯಲು ಇನ್ನೂ ಸ್ವಲ್ಪ ಕಾಲ ಹಿಡಿಯಿತು. ಆದ್ದರಿಂದ ಮುಂದೆ ಬರೆದಿರುವುದನ್ನು ಕೊಂಚ ಅನುಮಾನ ಇಟ್ಟುಕೊಂಡೇ ಓದಿ.

ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ಗೋರೆಗಾಂವ್ ಪೂರ್ವದಲ್ಲಿದ್ದ ನಮ್ಮ ಕಂಪನಿ ಒಂದು ಸಲಕರಣೆ ಮಾರುತ್ತಿತ್ತು. ಕೋಡ್ ಬರೆಯಲು ಬಾರದವರೂ ಅದರಿಂದ ತಮ್ಮ ಅಂಗಡಿಯ, ಕ್ಲಿನಿಕ್ಕಿನ, ಕ್ಲಾಸಿನ ವೆಬ್ ಪುಟ ಕಟ್ಟಿಕೊಳ್ಳಬಹುದಿತ್ತು. ಚಿತ್ರ, ಅಕ್ಷರ, ಬಟನ್ ಯಾವುದನ್ನು ಬೇಕಾದರೂ ಮೌಸಿನಿಂದ ಹಿಡಿದು ಎಳೆದು ಬೇಕಾದಲ್ಲಿ ಬಿಟ್ಟರೆ ಅಲ್ಲಿ ಕೂರುತ್ತದೆ. ಜಾಹೀರಾತು ಇಷ್ಟು ಹೇಳಿ ನಿಲ್ಲುತ್ತಿತ್ತು. ನಮ್ಮ ಕೆಲಸ ಅಲ್ಲಿಂದ ಮುಂದೆ. ಎಳೆದು ಬಿಟ್ಟ ವಸ್ತುಗಳು ಒಂದರ ಮೇಲೊಂದು ಪದರವಾಗಿ ಕೂರುತ್ತವೆ. ಕೆಳಗಿನದು ಕಾಣದೆ ಹೋಗುತ್ತದೆ, ಮೇಲಿನದು ಜಾಗ ಬಿಡುವುದಿಲ್ಲ. ಆಗ ಜನ ಸಪೋರ್ಟ್ ಡೆಸ್ಕಿಗೆ ಬರೆಯುತ್ತಾರೆ.

ಈಗ ಮೊದಲ ಪ್ರಶ್ನೆಗಳಿಗೆಲ್ಲ ಯಂತ್ರವೇ ಉತ್ತರ ಕೊಡುತ್ತದಂತೆ. ಅದಕ್ಕೆ ತಿಳಿಯದ್ದು ಮಾತ್ರ ಮನುಷ್ಯರ ಬಳಿಗೆ ಬರುತ್ತದೆ. ಹಾಗಾದರೆ ಹೊಸದಾಗಿ ಸೇರುವ ನಿಮ್ಮ ಪಾಲಿಗೆ ಬರುವುದೆಲ್ಲ ವಿಚಿತ್ರ ಪ್ರಕರಣಗಳೇ. ಒಂದು ರೀತಿಯಲ್ಲಿ ಅಸೂಯೆಯಾಗುತ್ತದೆ.

ನಾನು ಓದಿದ್ದು ತರ್ಕಶಾಸ್ತ್ರ. ವಿಶ್ವವಿದ್ಯಾಲಯದ ಪದವಿ ಹಿಡಿದು ಹೊರಬಂದಾಗ ಕೆಲಸ ಸಿಕ್ಕಿದ್ದು ಕುರ್ಲಾದ ಒಂದು ಮುದ್ರಣಾಲಯದಲ್ಲಿ, ಪುಟ ಜೋಡಿಸುವವನಾಗಿ. ಅಲ್ಲಿಯೂ ಪದರಗಳೇ. ಕೆಳಗೆ ದಪ್ಪ ಕಾಗದ, ಅದರ ಮೇಲೆ ಅಂಟಿಸಿದ ಅಕ್ಷರ, ಅದರ ಮೇಲೆ ಟ್ರೇಸಿಂಗ್ ಹಾಳೆ. ತಪ್ಪಾದರೆ ಉಗುರಿನಿಂದ ಎಬ್ಬಿಸಬಹುದಿತ್ತು, ಬೆರಳಿಗೆ ದಪ್ಪ ತಿಳಿಯುತ್ತಿತ್ತು. ಪರದೆಯ ಮೇಲಿನ ಪದರಕ್ಕೆ ದಪ್ಪವಿಲ್ಲ. ಹತ್ತು ಪದರ ಇದ್ದರೂ ಕಾಣುವುದು ಒಂದೇ ಮೇಲ್ಮೈ. ಈ ಸಣ್ಣ ವ್ಯತ್ಯಾಸ ಎಷ್ಟು ಜನರನ್ನು ಏಮಾರಿಸಿತು ಎಂದು ನೆನೆದರೆ ಇವತ್ತಿಗೂ ಆಶ್ಚರ್ಯವಾಗುತ್ತದೆ.

ಧಾರಾವಿಯಲ್ಲಿ ಚರ್ಮದ ಬ್ಯಾಗು ಹೊಲಿಸುವ ಒಬ್ಬರು ಬರೆದಿದ್ದರು: ಬ್ಯಾಗಿನ ಫೋಟೊ ಹಾಕಿದ ತಕ್ಷಣ ಮಾಯವಾಗುತ್ತದೆ. ಅವರ ಪುಟವನ್ನು ತೆರೆದು ಹಿನ್ನೆಲೆಯ ಕಂದು ಬಣ್ಣವನ್ನು ಪಕ್ಕಕ್ಕೆ ಎಳೆದೆ. ಅದರ ಹಿಂದೆ ಅದೇ ಬ್ಯಾಗಿನ ಫೋಟೊ, ಅದರ ಹಿಂದೆ ಅದೇ, ಮತ್ತೆ ಅದೇ. ಗೋದಾಮಿನಲ್ಲಿ ಒಟ್ಟಿದ ಹಾಗಿತ್ತು. ಪ್ರತಿ ಸಲ ಮಾಯವಾದಾಗಲೂ ಅವರು ಇನ್ನೊಮ್ಮೆ ಹಾಕಿದ್ದರು, ಪ್ರತಿ ಸಲವೂ ಅದು ಹಿನ್ನೆಲೆಯ ಹಿಂದೆ ಹೋಗಿ ಕೂತಿತ್ತು. ತೋರಿಸಿದಾಗ ಅವರು ಹಿಂದಿಯಲ್ಲಿ ಶಾಂತವಾಗಿ ಹೇಳಿದ್ದು ಇಷ್ಟು: "ಮಾಲು ಕಳುವಾಗಿಲ್ಲ ಅಂದ ಮೇಲೆ ಸರಿ."

ನಮ್ಮ ತಂಡದ ಮುಖ್ಯಸ್ಥೆ ನೀತಾ, ನನಗಿಂತ ಬಹಳ ಚಿಕ್ಕವಳು. ನನ್ನನ್ನು ಸರ್ ಎನ್ನುತ್ತಿದ್ದಳು, ಬೈಯುವಾಗಲೂ. ಟಿಕೆಟ್ ಎಂದರೆ ನಮ್ಮಲ್ಲಿ ಒಂದೊಂದು ದೂರು. ಅದು ಬೇಗ ಮುಗಿಯಬೇಕು, ಮುಗಿಸುವ ವಿಧಾನಗಳು ಬರೆದಿಟ್ಟಿವೆ, ಹತ್ತರಲ್ಲಿ ಒಂಬತ್ತಕ್ಕೆ ಅಷ್ಟು ಸಾಕು ಎಂಬುದು ಅವಳ ವಾದ. ವಾದ ಸರಿಯಾಗಿಯೇ ಇತ್ತು. ನನಗೆ ಆ ಹತ್ತನೆಯದರ ಮೇಲೇ ಕಣ್ಣು.

ಹತ್ತನೆಯದರಲ್ಲಿ ನನಗೆ ಇನ್ನೂ ಬಿಡಿಬಿಡಿಯಾಗಿ ನೆನಪಿರುವುದು ಸದಾನಂದ ಶೆಟ್ಟರದು.

ಶೆಟ್ಟರ ಹೋಟೆಲು ಗೋರೆಗಾಂವ್ ಪಶ್ಚಿಮದಲ್ಲಿತ್ತು. ಬಿಲ್ಡಿಂಗ್ ರೀಡೆವಲಪ್‌ಮೆಂಟಿಗೆ ಹೋಯಿತು. ಹೊಸದು ಏಳುವ ತನಕ ಹೋಟೆಲಿಗೆ ಜಾಗವಿಲ್ಲ. ಶೆಟ್ಟರು ಅಲ್ಲೇ ಸಮೀಪದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಒಂದು ಗಾಲಾ, ಅಂದರೆ ಕಾರ್ಖಾನೆಯ ಮಳಿಗೆ, ಬಾಡಿಗೆಗೆ ಹಿಡಿದು ಅಡುಗೆಮನೆ ಮಾಡಿದರು. ಮೇಜು ಕುರ್ಚಿ ಇಲ್ಲ, ಪಾರ್ಸೆಲ್ ಮಾತ್ರ. ಹಳೆಯ ಗಿರಾಕಿಗಳನ್ನು ಬಿಟ್ಟುಕೊಡಬಾರದೆಂದು ತಾವೇ ಕೂತು ನಮ್ಮ ಸಲಕರಣೆಯಲ್ಲಿ ಒಂದು ಪುಟ ಕಟ್ಟಿದ್ದರು. ಹಳೆ ಬಿಲ್ಡಿಂಗಿನ ಸುತ್ತ ಹಾಕಿದ ತಗಡಿನ ಬೇಲಿಗೆ ಒಂದು ಬೋರ್ಡು ತೂಗುಹಾಕಿದ್ದರು. ಅದರಲ್ಲಿದ್ದ ಚೌಕ ಕೋಡನ್ನು ಫೋನಿನಿಂದ ಸ್ಕ್ಯಾನ್ ಮಾಡಿದರೆ ಪುಟ ತೆರೆಯುತ್ತದೆ, ತಿಂಡಿಗಳ ಹೆಸರು ಕಾಣುತ್ತದೆ, ಕೊನೆಯಲ್ಲಿ ಒಂದು ಹಸಿರು ಬಟನ್: 'ಕಾಲ್ ಮಾಡಿ'. ಶೆಟ್ಟರ ನಂಬರು ಬಟನಿನ ಒಳಗೇ ಇತ್ತು. ಪುಟದಲ್ಲಿ ಬೇರೆಲ್ಲೂ ಬರೆದಿರಲಿಲ್ಲ.

ಅವರ ದೂರು ಆ ಬಟನಿನ ಬಗ್ಗೆ ಅಲ್ಲ. ತಿಂಡಿಗಳ ಫೋಟೊ ಆಚೀಚೆ ಮಾಡಲು ಹೋದರೆ ಕೈಗೆ ಸಿಗುವುದಿಲ್ಲ, ಬೇರೆ ಏನೋ ಸಿಗುತ್ತದೆ ಎಂದು ಬರೆದಿದ್ದರು. ನಾನು ಫೋನ್ ಮಾಡಿ ನನ್ನ ಹೆಸರು ದೇಸಾಯಿ ಎಂದೆ.

"ಯಾವ ದೇಸಾಯಿ? ಗುಜರಾತಿಯಾ, ಮರಾಠಿಯಾ?"

ಧಾರವಾಡದ ಕಡೆಯವರು ಎಂದೆ.

"ಹಾಗಾದ್ರೆ ನಮ್ಮವರೇ. ಸ್ವಲ್ಪ ದೂರದ ನಮ್ಮವರು," ಎಂದು ನಕ್ಕರು.

ಅವರ ಪರದೆಯನ್ನು ನನ್ನ ಪರದೆಯ ಮೇಲೆ ತೆರೆದು, ಈಗ ಎಳೆಯಿರಿ ನೋಡೋಣ ಎಂದೆ. ಇಡ್ಲಿಯ ಫೋಟೊ ಹಿಡಿದು ಎಳೆದರು. ಇಡ್ಲಿ ಇದ್ದಲ್ಲೇ ಇತ್ತು. ಒಂದು ತೆಳ್ಳಗಿನ ನೀಲಿ ಚೌಕಟ್ಟು ಮಾತ್ರ ಮೌಸಿನ ಬಾಣದ ಜೊತೆ ಹೊರಟಿತು. ಒಳಗೆ ಏನೂ ಇಲ್ಲ, ಖಾಲಿ.

"ಇದರಲ್ಲಿ ಭೂತ ಎಂತದಾದ್ರೂ ಉಂಟಾ ಮಾರಾಯ್ರೆ?" ಎಂದರು ಶೆಟ್ಟರು.

ಪುಟದಲ್ಲಿರುವ ಪದರಗಳ ಹೆಸರೆಲ್ಲ ಪಕ್ಕದಲ್ಲಿ ಸಾಲಾಗಿ ಕಾಣುವಂತೆ ಮಾಡಬಹುದು. ಮಾಡಿದೆ. ಇಡ್ಲಿ, ವಡೆ, ಶಿರಾ ಕಂಡವು. ಅವುಗಳ ಮೇಲೆ 'ಆಯತ', 'ಆಯತದ ನಕಲು', ಮತ್ತೆ 'ಆಯತದ ನಕಲು' ಎಂದು ಪರದೆಯ ಉದ್ದಕ್ಕೂ ಇಳಿಯುತ್ತಲೇ ಹೋಯಿತು. ಎಲ್ಲವೂ ಪೂರ್ತಿ ಪಾರದರ್ಶಕ. ಕಣ್ಣಿಗೆ ಕಾಣುವುದಿಲ್ಲ, ಆದರೆ ಜಾಗದಲ್ಲಿವೆ. ಇವನ್ನು ಯಾರು ಹಾಕಿದರು ಎಂದು ಕೇಳಿದೆ. ತಾನೇನೂ ಹಾಕಿಲ್ಲ, ಪುಟ ಮುಟ್ಟುವವರು ಬೇರೆ ಯಾರೂ ಇಲ್ಲ ಎಂದರು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರು.

ನೀತಾಗೆ ತೋರಿಸಿದೆ. ಎಲ್ಲವನ್ನೂ ಆರಿಸಿ ಅಳಿಸಿ ಟಿಕೆಟ್ ಮುಚ್ಚಿ ಎಂದಳು. ಅಳಿಸಬಹುದಿತ್ತು. ಆದರೆ ಯಾರು ಹಾಕುತ್ತಿದ್ದಾರೆಂದು ತಿಳಿಯದೆ ಅಳಿಸಿದರೆ ಮುಂದಿನ ವಾರ ಅಷ್ಟೇ ಇರುತ್ತವೆ ಎಂದೆ.

"ದೇಸಾಯಿ ಸರ್, ನಿಮ್ಮ ಕುತೂಹಲಕ್ಕೆ ಟಿಕೆಟ್ ಇಲ್ಲ," ಎಂದಳು. ಆದರೆ ಟಿಕೆಟ್ಟನ್ನು ಮುಚ್ಚಲಿಲ್ಲ.

ನನ್ನ ರಜೆಯ ದಿನ ಬೆಳಿಗ್ಗೆ ಶೆಟ್ಟರ ಗಾಲಾ ಹುಡುಕಿಕೊಂಡು ಹೋದೆ. ಇದು ಕಂಪನಿಯ ಪದ್ಧತಿಯಲ್ಲ. ಆದರೆ ಒಂದು ಸಂಗತಿ ನನಗೆ ಗಟ್ಟಿಯಾಗಿತ್ತು. ಏನು ಮಾಡಿದಿರಿ ಎಂದು ಕೇಳಿದರೆ ಜನ ತಮಗೆ ನೆನಪಿರುವುದನ್ನು ಹೇಳುತ್ತಾರೆ. ಅವರು ಮಾಡುವಾಗ ಪಕ್ಕದಲ್ಲಿ ನಿಂತರೆ ನಡೆಯುವುದು ಕಾಣುತ್ತದೆ. ಎರಡೂ ಒಂದೇ ಆಗಿದ್ದ ಪ್ರಕರಣ ನಾನು ಹೆಚ್ಚು ಕಂಡಿಲ್ಲ.

ಗಾಲಾದಲ್ಲಿ ಇದ್ದದ್ದು ಶೆಟ್ಟರು ಮತ್ತು ಅಡುಗೆಯ ಭೋಜಣ್ಣ. ಹಳೆ ಹೋಟೆಲಿನಿಂದ ಶೆಟ್ಟರ ಜೊತೆ ಬಂದು ಉಳಿದವರು ಭೋಜಣ್ಣ ಒಬ್ಬರೇ. ಇಬ್ಬರೂ ಹೆಚ್ಚಾಗಿ ತುಳುವಿನಲ್ಲಿ ಮಾತಾಡಿಕೊಳ್ಳುತ್ತಿದ್ದರು, ನನ್ನ ಕಡೆ ತಿರುಗಿದಾಗ ಕನ್ನಡಕ್ಕೆ ಬರುತ್ತಿದ್ದರು. ಎಸ್ಟೇಟಿನ ಕೆಲಸಗಾರರು ಬಾಗಿಲಿಗೆ ಬಂದು ಇಡ್ಲಿ ವಡೆ ಕಟ್ಟಿಸಿಕೊಂಡು ಹೋಗುತ್ತಿದ್ದರು. ಅದರಿಂದ ಒಲೆ ಉರಿಯುತ್ತಿತ್ತು, ಬಾಡಿಗೆ ಹುಟ್ಟುತ್ತಿರಲಿಲ್ಲ. ಬಾಡಿಗೆ ಹುಟ್ಟಬೇಕಾದದ್ದು ಹಳೆ ಗಿರಾಕಿಗಳ ಫೋನಿನಿಂದ.

ಆ ಫೋನು ನಿಂತುಹೋಗಿತ್ತು. ಮೊದಮೊದಲು ಚೆನ್ನಾಗಿಯೇ ಬರುತ್ತಿತ್ತಂತೆ. ಆಮೇಲೆ ಕಡಿಮೆಯಾಯಿತು. ಈಗ ಇಲ್ಲವೇ ಇಲ್ಲ. ಫುಡ್ ಆ್ಯಪ್‌ಗಳಿಗೆ ಸೇರಬಹುದಲ್ಲ ಎಂದೆ. ಅವರ ಪಾಲು ತೆಗೆದ ಮೇಲೆ ನಮಗೆ ಉಳಿಯುವುದು ಪಾತ್ರೆ ತೊಳೆಯುವ ಕೆಲಸ ಮಾತ್ರ ಎಂದರು. ತಿಂಗಳ ಕೊನೆಗೆ ಗಾಲಾ ಬಿಟ್ಟುಕೊಡುವುದೆಂದು ಹೆಚ್ಚುಕಡಿಮೆ ನಿಶ್ಚಯಿಸಿದ್ದರು. ಭೋಜಣ್ಣನನ್ನು ಥಾಣೆಯ ಒಂದು ಹೋಟೆಲಿನವರು ಕೆಲಸಕ್ಕೆ ಕರೆದಿದ್ದರು, ಅವರಿಗೆ ಉತ್ತರ ಹೇಳಬೇಕಿತ್ತು. ಭೋಜಣ್ಣ ಹೋದ ಮೇಲೆ ಹೊಸ ಬಿಲ್ಡಿಂಗ್ ಎದ್ದರೂ ಆ ರುಚಿಯ ಹೋಟೆಲು ಏಳುವುದಿಲ್ಲ. ಇದನ್ನು ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ.

"ಹೊಸತರಲ್ಲಿ ಎಂತ ಉಂಟು ನೋಡುವ ಅಂತ ಮಾಡಿದ್ರು. ಈಗ ಮರೆತ್ರು," ಎಂದರು ಶೆಟ್ಟರು. "ಈ ಊರಲ್ಲಿ ಕಣ್ಣೆದುರು ಇಲ್ಲದವನ ನೆನಪು ಯಾರು ಇಟ್ಕೊಳ್ತಾರೆ ಹೇಳಿ."

ಅಷ್ಟರಲ್ಲಿ ವಡೆ ಮುಗಿಯಿತು. ಭೋಜಣ್ಣ ಕೂಗಿ ಹೇಳಿದರು. ಶೆಟ್ಟರು ಕೈ ಒರೆಸಿಕೊಂಡು ಲ್ಯಾಪ್‌ಟಾಪಿನ ಮುಂದೆ ಕೂತರು. ಅದು ಮೇಜಿನ ಮೇಲಿತ್ತೋ ಅಕ್ಕಿ ಮೂಟೆಯ ಮೇಲಿತ್ತೋ, ನನ್ನ ನೆನಪು ಎರಡನ್ನೂ ತೋರಿಸುತ್ತದೆ. ಅವರು ಒಂದು ಬಿಳಿ ಆಯತ ಮಾಡಿ, ಉದ್ದಕ್ಕೆ ಎಳೆದು, ವಡೆಯ ಫೋಟೊದ ಮೇಲೆಯೇ ಬರೆದಿದ್ದ 'ಉದ್ದಿನ ವಡೆ' ಎಂಬ ಅಕ್ಷರದ ಮೇಲೆ ನಾಜೂಕಾಗಿ ಕೂರಿಸಿದರು. ಹೆಸರು ಮುಚ್ಚಿಹೋಯಿತು.

ಇದೇನು ಎಂದು ಕೇಳಿದೆ.

"ಪಟ್ಟಿ. ವಡೆ ಮುಗೀತಲ್ಲ."

ನೀವು ಹಳೆಯ ಉಡುಪಿ ಹೋಟೆಲುಗಳಲ್ಲಿ ತಿಂದಿದ್ದರೆ ನೋಡಿರುತ್ತೀರಿ. ಗೋಡೆಯ ಹಲಗೆಯಲ್ಲಿ ತಿಂಡಿಗಳ ಹೆಸರು ಬಣ್ಣದಲ್ಲಿ ಬರೆದಿರುತ್ತದೆ. ಒಂದು ಮುಗಿದರೆ ಅದರ ಮೇಲೆ ಬಿಳಿ ಕಾಗದದ ಪಟ್ಟಿ ಸಿಕ್ಕಿಸುತ್ತಾರೆ. ಹೆಸರನ್ನು ಅಳಿಸುವುದಿಲ್ಲ. ಇವತ್ತು ಮುಗಿದದ್ದು ನಾಳೆ ಇರುತ್ತದೆ. ಅಂಗಡಿ ಮುಚ್ಚುವಾಗ ಪಟ್ಟಿ ತೆಗೆದು ಗಲ್ಲಾಪೆಟ್ಟಿಗೆಯ ಹಿಂದೆ ಇಡುತ್ತಾರೆ. ಶೆಟ್ಟರು ಎಳೆಯ ವಯಸ್ಸಿನಿಂದ ಇದನ್ನೇ ಮಾಡಿ ಬಂದವರು. ಪರದೆಯ ಮೇಲೂ ಅದನ್ನೇ ಮಾಡಿದ್ದರು.

ಅಂಗಡಿ ಮುಚ್ಚುವಾಗ ಇದನ್ನು ಹೇಗೆ ತೆಗೆಯುತ್ತೀರಿ ಎಂದು ಕೇಳಿದೆ. ಅವರು ಪಕ್ಕದ ಒಂದು ಗುಂಡಿಯನ್ನು ಎಡಕ್ಕೆ ಜಾರಿಸಿ ತೋರಿಸಿದರು. ಬಿಳಿ ಬಣ್ಣ ತೆಳುವಾಗುತ್ತ ಹೋಗಿ ಪೂರ್ತಿ ಕರಗಿತು, 'ಉದ್ದಿನ ವಡೆ' ಮತ್ತೆ ಕಂಡಿತು.

"ನಾಳೆ ಬೇಕಾಗ್ತದಲ್ಲ, ಬಿಸಾಡುದು ಯಾಕೆ?"

"ನಾಳೆ ಇದನ್ನೇ ಬಳಸುತ್ತೀರಾ?"

"ಎಲ್ಲಿ. ನಾಳೆ ಹುಡುಕಿದ್ರೆ ಸಿಗುದಿಲ್ಲ. ಹೊಸತು ಮಾಡ್ತೇನೆ."

"ಯಾಕೆ ಸಿಗುವುದಿಲ್ಲ ಶೆಟ್ರೆ?"

"ಕಾಣುದಿಲ್ಲಲ್ಲ."

ಹೇಳಿ ಮುಗಿಸಿದ ಮೇಲೆ ಅವರು ಪರದೆಯನ್ನೂ ನನ್ನನ್ನೂ ನೋಡಿದರು. ಒಳಗಿನಿಂದ ಭೋಜಣ್ಣ ತುಳುವಿನಲ್ಲಿ ಏನೋ ಅಂದರು, ಶೆಟ್ಟರು ಅದನ್ನು ನನಗೆ ಕನ್ನಡ ಮಾಡಿ ಹೇಳಲು ಒಪ್ಪಲಿಲ್ಲ.

ಭೂತ ಸಿಕ್ಕಿತು. ಟಿಕೆಟ್ ಅಲ್ಲಿಗೆ ಮುಗಿಯಬೇಕು. ಆದರೆ ಇನ್ನೊಂದು ಯೋಚನೆ ಬಂತು. ಲ್ಯಾಪ್‌ಟಾಪಿನ ಅಗಲದಲ್ಲಿ ಪಟ್ಟಿಗಳು ತಿಂಡಿಯ ಹೆಸರಿನ ಮೇಲೆ ಕೂತಿರುತ್ತವೆ. ಫೋನಿನ ಪರದೆ ಇಷ್ಟೇ ಅಗಲ. ಅಲ್ಲಿ ಪುಟ ಹೊಸದಾಗಿ ಜೋಡಣೆಯಾಗುತ್ತದೆ, ಪಕ್ಕದಲ್ಲಿದ್ದದ್ದು ಕೆಳಗಿಳಿಯುತ್ತದೆ. ಆಗ ಈ ಪಟ್ಟಿಗಳು ಎಲ್ಲಿಗೆ ಹೋಗುತ್ತವೆ? ಕೆಳಗೆ ಇರುವುದು ಹಸಿರು ಬಟನ್. ಪಾರದರ್ಶಕ ಪದರ ಬಟನನ್ನು ಮರೆಮಾಡುವುದಿಲ್ಲ, ಆದರೆ ಬೆರಳನ್ನು ತಾನೇ ತಡೆದುಕೊಳ್ಳುತ್ತದೆ. ಒತ್ತಿದವರಿಗೆ ಬಟನ್ ಕಾಣುತ್ತದೆ, ಏನೂ ಆಗುವುದಿಲ್ಲ.

ಶೆಟ್ಟರಿಗೆ ಇದನ್ನು ಹೇಳುತ್ತಲೇ ನನ್ನ ಫೋನಿನಲ್ಲಿ ಪುಟ ತೆರೆದು ಬಟನ್ ಒತ್ತಿದೆ. ಅವರ ಜೇಬಿನಲ್ಲಿ ಫೋನ್ ರಿಂಗಾಯಿತು. ಎದುರಿಗೆ ನಾನೇ ನಿಂತಿದ್ದರೂ ಅವರು ಅದನ್ನು ಅವಸರದಿಂದ ತೆಗೆದು, ಗಂಟಲು ಸರಿಮಾಡಿಕೊಂಡು, ಹಲೋ ಎಂದರು. ಆಮೇಲೆ ನನ್ನ ಕೈ ನೋಡಿ ಫೋನ್ ಇಳಿಸಿದರು.

ನನ್ನ ಸಿದ್ಧಾಂತ ಬಿದ್ದುಹೋಯಿತು. ಬಟನ್ ಸರಿಯಿತ್ತು. ಹಾಗಾದರೆ ಶೆಟ್ಟರ ಮಾತೇ ನಿಜ, ಗಿರಾಕಿಗಳು ಮರೆತಿದ್ದಾರೆ. ಅದನ್ನು ಇನ್ನಷ್ಟು ಗಟ್ಟಿ ಮಾಡಿಕೊಟ್ಟು ಹೊರಡುವವನಿದ್ದೆ.

"ನನ್ನದರಲ್ಲಿ ಆಗುದಿಲ್ಲ ಅದು," ಎಂದರು ಭೋಜಣ್ಣ ಒಲೆಯ ಕಡೆಯಿಂದ. ಹಿಂದೊಮ್ಮೆ ಸುಮ್ಮನೆ ಒತ್ತಿ ನೋಡಿದ್ದರಂತೆ. "ಹಿಟ್ಟಿನ ಕೈ. ಹಿಡಿಯುದಿಲ್ಲ ಅಂತ ಬಿಟ್ಟೆ."

ಕೈ ಒರೆಸಿಕೊಂಡು ಒತ್ತಲು ಹೇಳಿದೆ. ಒತ್ತಿದರು. ಹಸಿರು ಬಟನ್ ಕಣ್ಣಿಗೆ ಹೊಡೆಯುವಷ್ಟು ಸ್ಪಷ್ಟವಾಗಿತ್ತು, ಶೆಟ್ಟರ ಫೋನ್ ರಿಂಗಾಗಲಿಲ್ಲ. ಮತ್ತೆ ಒತ್ತಿದರು. ಇಲ್ಲ.

ಎರಡು ಫೋನುಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಕಾರಣ ಕಂಡಿತು, ನಗುವೂ ಬಂತು. ನನ್ನ ಕಣ್ಣಿಗೆ ವಯಸ್ಸಾಗಿದೆ, ನನ್ನ ಫೋನಿನ ಅಕ್ಷರ ದಪ್ಪ. ದಪ್ಪ ಅಕ್ಷರ ಹೆಚ್ಚು ಜಾಗ ತಿಂದು ಬಟನನ್ನು ಇನ್ನೂ ಕೆಳಗೆ, ಪಟ್ಟಿಗಳ ಆಚೆಗೆ ದೂಡಿತ್ತು. ಸಾಮಾನ್ಯ ಅಕ್ಷರದ ಫೋನುಗಳಲ್ಲಿ ಬಟನ್ ಸರಿಯಾಗಿ ಪಟ್ಟಿಗಳ ರಾಶಿಯ ಅಡಿಯಲ್ಲಿತ್ತು. ದಿನವೂ ಒಂದೆರಡು ಸೇರುತ್ತ ಹೋದಂತೆ ರಾಶಿ ಬಟನನ್ನು ಸ್ವಲ್ಪಸ್ವಲ್ಪವೇ ಮುಚ್ಚಿತ್ತು. ಮೊದಲು ಕರೆ ಬಂದದ್ದು, ಆಮೇಲೆ ಕಡಿಮೆಯಾದದ್ದು, ಕೊನೆಗೆ ನಿಂತದ್ದು ಇದಕ್ಕೂ ಹೊಂದುತ್ತಿತ್ತು. ಶೆಟ್ಟರಿಗೆ ಮಾತ್ರ ಇದು ತಿಳಿಯುವ ಸಂಭವವೇ ಇರಲಿಲ್ಲ. ಯಾರೂ ತಮಗೆ ತಾವೇ ಫೋನ್ ಮಾಡಿಕೊಳ್ಳುವುದಿಲ್ಲ.

ಪಟ್ಟಿಗಳನ್ನೆಲ್ಲ ಅಳಿಸಿದೆವು. ಭೋಜಣ್ಣ ಒತ್ತಿದರು, ಶೆಟ್ಟರ ಫೋನ್ ರಿಂಗಾಯಿತು, ಈ ಸಲ ಅವರು ಹಲೋ ಅನ್ನಲಿಲ್ಲ. ಪ್ರತಿ ತಿಂಡಿಗೂ 'ಮುಗಿದಿದೆ' ಎಂದು ಗುರುತು ಹಾಕುವ ಏರ್ಪಾಡು ನಮ್ಮ ಸಲಕರಣೆಯಲ್ಲೇ ಇತ್ತು, ಅದನ್ನು ತೋರಿಸಿಕೊಟ್ಟೆ.

"ಇದು ಮೊದಲೇ ಇತ್ತಾ?"

"ಇತ್ತು."

"ಒಂದು ಮಾತು ಹೇಳ್ಬಾರ್ದಿತ್ತಾ ಮಾರಾಯ್ರೆ," ಎಂದರು. ನ್ಯಾಯವಾದ ಪ್ರಶ್ನೆ. ನಮ್ಮ ಸಹಾಯ ಪುಟಗಳಲ್ಲಿ ಅದು ಎಲ್ಲೋ ಇತ್ತು. ಆದರೆ ಪಟ್ಟಿ ಎಳೆಯಲು ಬರುವವನು ಅದನ್ನು ಹುಡುಕುವುದಿಲ್ಲ, ಅವನಿಗೆ ಪಟ್ಟಿ ಎಳೆಯುವುದು ಗೊತ್ತಿರುತ್ತದೆ.

ಆ ದಿನ ಫೋನ್ ಬರಲಿಲ್ಲ. ಮರುದಿನವೂ ಬರಲಿಲ್ಲ. ಇಲ್ಲಿ ನನ್ನ ಸಂದೇಹ ನನ್ನನ್ನೇ ಹಿಡಿದುಕೊಂಡಿತು. ಬಟನ್ ಕೆಟ್ಟಿತ್ತು ಎಂಬುದು ಸಾಬೀತಾಗಿತ್ತು. ಯಾರಾದರೂ ಅದನ್ನು ಒತ್ತಿದ್ದರು ಎಂಬುದು ಸಾಬೀತಾಗಿರಲಿಲ್ಲ. ಪಾರದರ್ಶಕ ಪಟ್ಟಿಯ ಮೇಲೆ ಬಿದ್ದ ಬೆರಳು ಎಲ್ಲೂ ದಾಖಲಾಗುವುದಿಲ್ಲ. ಇಡೀ ಗೋರೆಗಾಂವ್ ಒತ್ತಿ ಸೋತಿರಬಹುದು, ಒಬ್ಬರೂ ಒತ್ತದೆ ಇರಬಹುದು, ಶೆಟ್ಟರ ಕಡೆಯಿಂದ ನೋಡಿದರೆ ಎರಡಕ್ಕೂ ಮೌನ ಒಂದೇ. ತರ್ಕಶಾಸ್ತ್ರದ ತರಗತಿಯಲ್ಲಿ ಇಂಥದ್ದನ್ನು ಬರೆದು ಅಂಕ ಪಡೆದಿದ್ದೆ. ಅದರೊಳಗೆ ಒಬ್ಬ ಮನುಷ್ಯ ಕೂತು ತಿಂಗಳ ಕೊನೆ ಕಾಯುತ್ತಿರುವುದನ್ನು ನೋಡಿರಲಿಲ್ಲ.

ನೀತಾಗೆ ಹೇಳಿದೆ. ತಮಾಷೆ ಮಾಡುತ್ತಾಳೆ ಎಂದುಕೊಂಡಿದ್ದೆ, ಮಾಡಲಿಲ್ಲ. ಯಾವ ಪುಟವನ್ನೇ ಪರೀಕ್ಷಿಸಿದರೂ ನಿಮ್ಮ ಫೋನಿನಲ್ಲಿ ನೋಡಿದ ಮೇಲೆ ಪಕ್ಕದವರ ಫೋನನ್ನು ಕೇಳಿ ಪಡೆದು ನೋಡಿ ಎಂದು ತಂಡಕ್ಕೆಲ್ಲ ಹೇಳಿದಳು. ಆಮೇಲೆ ದಿನಾ ಬಂದ ಕೂಡಲೆ ನನ್ನ ಮೇಜಿನ ಹತ್ತಿರ ನಿಂತು, ಹೋಟೆಲಿನವರ ಫೋನ್ ರಿಂಗಾಯಿತೇ ಎಂದು ವಿಚಾರಿಸತೊಡಗಿದಳು. ಟಿಕೆಟ್ ಮುಚ್ಚಿದ ಮೇಲೂ ಕೇಳಿದಳು.

ಕರೆ ಬಂದದ್ದು ಒಂದು ಶನಿವಾರ ಎಂದು ನನ್ನ ನೆನಪು. ನಾನು ಅಲ್ಲಿದ್ದೆ, ಬಾಗಿಲ ಬಳಿ ಕಾಫಿ ಲೋಟ ಹಿಡಿದು ನಿಂತಿದ್ದೆ. ಶೆಟ್ಟರನ್ನು ಕೇಳಿದರೆ, ನೀವು ಅವತ್ತು ಇರಲೇ ಇಲ್ಲ, ಮರುದಿನ ಬಂದಿರಿ, ನಾನೇ ಹೇಳಿದ್ದು ಎನ್ನುತ್ತಾರೆ. ಇರಬಹುದು. ಅವರು ಅದನ್ನು ಎಷ್ಟು ಸಲ ಹೇಳಿದ್ದಾರೆಂದರೆ, ನಾನು ಆ ಮಾತುಗಳ ಮೇಲೆ ನನ್ನ ಕಾಫಿ ಲೋಟವನ್ನು ಆಮೇಲೆ ತಂದಿಟ್ಟುಕೊಂಡಿರಬಹುದು. ಈಗ ಅದನ್ನು ಬೇರ್ಪಡಿಸಲು ನನಗೆ ಬರುವುದಿಲ್ಲ. ಭೋಜಣ್ಣ ಇಬ್ಬರ ಮಾತಿಗೂ ತಲೆಯಾಡಿಸುತ್ತಾರೆ.

ಕರೆ ಮಾಡಿದವರು ಹಳೆ ಬಿಲ್ಡಿಂಗಿನ ಎದುರಿನ ವಸತಿ ಸೊಸೈಟಿಯ ಜೋಶಿ ಬಾಯಿ. ಅವರು ತಿಂಡಿ ಕೇಳಲಿಲ್ಲ, ಬೈದರು. ಪ್ರತಿ ಭಾನುವಾರ ಆ ಹಸಿರು ಗುಂಡಿ ಒತ್ತಿ ಒತ್ತಿ ಬೆರಳು ನೋಯಿತು, ಇದೆಂಥ ಪುಟ ಮಾಡಿದ್ದೀರಿ, ನಮ್ಮ ಮೊಮ್ಮಗಳು ಒತ್ತಿದಳು, ಕೆಳಗಿನ ಮನೆಯವರು ಒತ್ತಿದರು, ನೀವು ಅಂಗಡಿ ಮುಚ್ಚಿ ಊರಿಗೆ ಹೋದಿರಿ ಎಂದು ಇಡೀ ಸೊಸೈಟಿ ಮಾತಾಡಿಕೊಳ್ಳುತ್ತಿದೆ, ಹೋಗುವಾಗ ಒಂದು ಮಾತು ಹೇಳಿ ಹೋಗಬಾರದೇ ಎಂದು ಎಲ್ಲರಿಗೂ ಬೇಸರವಾಗಿದೆ, ಇವತ್ತು ಸುಮ್ಮನೆ ಒತ್ತಿದರೆ ನೀವು ಎತ್ತುತ್ತೀರಿ.

ಶೆಟ್ಟರು ಅಡ್ಡ ಮಾತಾಡಲಿಲ್ಲ. ಪಟ್ಟಿಯ ವಿಷಯ ಎತ್ತಲಿಲ್ಲ. ಹಾಂ ಬಾಯಿ, ಹಾಂ ಬಾಯಿ ಎಂದು ಕೇಳುತ್ತ ನಿಂತಿದ್ದರು. ಬೈಗುಳ ಮುಗಿಯದಿರಲಿ ಎಂಬಂತಿತ್ತು ಅವರ ಮುಖ. ಕೊನೆಗೆ ಬಾಯಿ ನಾಳೆ ಬೆಳಿಗ್ಗೆಗೆ ಏನು ಕಳಿಸುತ್ತೀರಿ ಎಂದು ಕೇಳಿದಾಗ, ಫೋನಿಗೆ ಅಂಗೈ ಅಡ್ಡ ಹಿಡಿದು ಒಳಗೆ ತಿರುಗಿ, ಉದ್ದು ನೆನೆಹಾಕಿ, ಸೊಸೈಟಿಯವರೆಲ್ಲ ಇದ್ದಾರೆ ಎಂದರು.

ಭೋಜಣ್ಣ ಉದ್ದಿನ ಡಬ್ಬಿಯ ಮುಚ್ಚಳ ತೆಗೆದು ನಿಂತರು.

"ನಾಳೆಗೆ ಮಾತ್ರವಾ, ನಾಡಿದ್ದಿಗೂ ಬೇಕಾ?"

"ಥಾಣೆಯವರಿಗೆ ಎಂತ ಹೇಳಿದ್ರಿ ನೀವು?"

"ಇನ್ನೂ ಹೇಳ್ಲಿಲ್ಲ."

"ಹಾಗಾದ್ರೆ ನಾಡಿದ್ದಿಗೂ ಹಾಕಿ," ಎಂದರು ಶೆಟ್ಟರು.

ಭೋಜಣ್ಣ ಒಂದು ಪಾವು ಅಳೆದು ಪಾತ್ರೆಗೆ ಸುರಿದರು, ಸ್ವಲ್ಪ ಹೊತ್ತು ಅದನ್ನೇ ನೋಡಿದರು, ಆಮೇಲೆ ಕಪಾಟಿನಿಂದ ಇನ್ನೊಂದು ದೊಡ್ಡ ಪಾತ್ರೆ ಇಳಿಸಿದರು.